ಮತ್ತ ಬಂದ್ರ?

ನಾವು ನಾಲ್ವರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಹೀಗೆ ಊರಿಗೊಬ್ಬರು. ಹಾಸ್ಟೆಲ್‌ನಲ್ಲಿ ಒಂದೇ ರೂಮು. ಮನೆಯಿಂದ ಬಂದ ರೊಟ್ಟಿ, ಶೇಂಗಾ ಚಟ್ನಿ ಎಲ್ಲದರಲ್ಲೂ ನಾಲ್ಕು ಪಾಲು. ನಮ್ಮಲ್ಲಿ ಒಬ್ಬನಿಗೆ ಪಿಯುಸಿಯಲ್ಲಿ ಒಮ್ಮೆ, ಮೂರನೇ ಸೆಮಿಸ್ಟರ್‌ನಲ್ಲಿ ಇನ್ನೊಮ್ಮೆ, ಐದನೇ ಸೆಮಿಸ್ಟರ್‌ನಲ್ಲಿ ಮತ್ತೊಮ್ಮೆ ಖಿನ್ನತೆ ಬಂತು. ಯಾವ ಊರಿನವನು ಅಂತ ಹೇಳೂದಿಲ್ಲ. "ಬರೀರಿ, ಹೆಸರು ಮಾತ್ರ ಬ್ಯಾಡ" ಅಂದಿದ್ದಾನೆ.

ಮೊದಲ ಸಲ ಎಲ್ಲರೂ ಕರುಣೆ ತೋರಿಸಿದ್ದರು. ಮೂರನೇ ಸಲಕ್ಕೆ ಅದೇ ಜನ "ಎಷ್ಟು ಸಲೋ ಮಾರಾಯಾ, ಮನಸ್ಸು ಗಟ್ಟಿ ಮಾಡ್ಕೋ" ಅಂದರು. ಆದರೆ ಅವನನ್ನು ಹೆಚ್ಚು ಕಾಡಿದ್ದು ಆರಾಮಾದ ಮೇಲಿನ ಭಯ. ಒಂದು ರಾತ್ರಿ ನಿದ್ದೆ ಬರದಿದ್ದರೂ, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆಯಾದರೂ ಒಂದೇ ಪ್ರಶ್ನೆ: "ಮತ್ತ ಚಾಲೂ ಆತೇನು?"

ಮರಳಿ ಬರುವುದು ಈ ಕಾಯಿಲೆಯ ಸ್ವಭಾವ, ಮನಸ್ಸು ಮೆತ್ತಗಿರುವುದರ ಗುರುತಲ್ಲ. ಒಮ್ಮೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಬರುತ್ತದೆ. ಸಣ್ಣ ಬೇಸರ ಸಾಕು, "ನಾನು ನಾಲಾಯಕ್" ಎಂಬಂಥ ಹಳೆಯ ವಿಚಾರಗಳು ಒಂದರ ಹಿಂದೊಂದು ಎದ್ದು ಬರುತ್ತವೆ. ಮನಸ್ಸು ಅವನ್ನೇ ಮೆಲುಕು ಹಾಕುತ್ತದೆ. ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮನಃಶಾಸ್ತ್ರಜ್ಞರು ಇದಕ್ಕಾಗಿಯೇ ಎಂಟು ವಾರಗಳ ತರಬೇತಿ ರೂಪಿಸಿದರು. ಮೈಂಡ್‌ಫುಲ್‌ನೆಸ್ ಆಧಾರಿತ ಈ ಚಿಕಿತ್ಸೆಯನ್ನು ಎಂಬಿಸಿಟಿ ಅಂತಾರೆ. 2000ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರ ಪೈಕಿ ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಲ್ಲಿ 66% ಜನರಿಗೆ ಅದು ಮರಳಿತು. ತರಬೇತಿಯನ್ನೂ ಪಡೆದವರಲ್ಲಿ 37%.

ನಮ್ಮ ಗೆಳೆಯನಿಗೆ ಇದನ್ನು ಕಲಿಸಿದ್ದು ಅವನ ಮನಃಶಾಸ್ತ್ರಜ್ಞೆ, ಅದೂ ಅವನು ಆರಾಮಾದ ಮೇಲೆ. ಮೊದಲ ದಿನ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನಕ್ಕೆ ತಿನ್ನಬೇಕಿತ್ತು. ನಾವು ನಕ್ಕೆವು, ಅವನೂ ನಕ್ಕ. ಆಮೇಲೆ ಮೂರು ನಿಮಿಷದ ಉಸಿರಿನ ಅಭ್ಯಾಸ: ಈಗ ಮನಸ್ಸಿನಲ್ಲಿ ಏನು ನಡೆದಿದೆ ನೋಡು, ಉಸಿರಿಗೆ ಬಾ, ಮತ್ತೆ ಇಡೀ ಮೈಮೇಲೆ ಗಮನ ಹರಿಸು. ವಿಚಾರವನ್ನು ಓಡಿಸುವುದಲ್ಲ, ಅದು ಬರೀ ವಿಚಾರ, ಸತ್ಯವೇ ಆಗಿರಬೇಕಿಲ್ಲ ಅಂತ ಗುರುತಿಸುವುದು.

ನಮ್ಮ ಕಡೆಯವರಿಗೆ ಇದು ಬೇಗ ತಿಳಿಯುತ್ತದೆ. ಸವದತ್ತಿಯ ನವಿಲುತೀರ್ಥ ಡ್ಯಾಮಿನಿಂದ ಮಲಪ್ರಭೆಗೆ ನೀರು ಬಿಟ್ಟರೆ ರಾಮದುರ್ಗದ ಹೊಳಿದಂಡಿ ಊರುಗಳಿಗೆ ಎಚ್ಚರಿಕೆ ಹೋಗುತ್ತದೆ. 2019ರ ನೆರೆ ನೆನಪಿದೆಯಲ್ಲ? ಹೊಳಿಗೆ ಬೈದು ನಿಲ್ಲಿಸಲಾಗುವುದಿಲ್ಲ, ಆದರೆ ಮೊದಲೇ ಗೊತ್ತಾದರೆ ದನಕರ ಬಿಚ್ಚಿಕೊಂಡು ಎತ್ತರಕ್ಕೆ ಹೋಗಬಹುದು. ನಮ್ಮ ಗೆಳೆಯನೂ ತನ್ನ ಎಚ್ಚರಿಕೆಯ ಗುರುತುಗಳನ್ನು ಬರೆದಿಟ್ಟಿದ್ದಾನೆ: ಮೆಸ್ಸಿಗೆ ಬರದಿರುವುದು, ಮನೆಯ ಫೋನ್ ಎತ್ತದಿರುವುದು, ಸ್ನಾನ ಮುಂದೂಡುವುದು. ಅದರ ಒಂದು ಪ್ರತಿ ನಮ್ಮ ಹತ್ತಿರವೂ ಇದೆ. ಎರಡು ಗುರುತು ಕಂಡರೆ ನಾವು ಬುದ್ಧಿ ಹೇಳುವುದಿಲ್ಲ, ಡಾಕ್ಟರ್ ಹತ್ತಿರ ಜೊತೆಗೆ ಹೋಗುತ್ತೇವೆ.

ಹಾಗಂತ ಗುಳಿಗೆಯನ್ನು ನಾವೇ ಬಿಡೂದಲ್ಲ, ಅದನ್ನು ಡಾಕ್ಟರೇ ಹೇಳಬೇಕು. ಪೂರ್ತಿ ಕುಸಿದಾಗ, ಸಾಯುವ ವಿಚಾರ ಬಂದಾಗ ಧ್ಯಾನಕ್ಕೆ ಕೂರದೆ ತಕ್ಷಣ ಸಹಾಯ ಕೇಳಬೇಕು. ನಮ್ಮ ನಾಲ್ಕೂ ತಾಲ್ಲೂಕಿನವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅವನೀಗ ಆರಾಮಿದ್ದಾನೆ. ಮತ್ತ ಬರಬಹುದು, ಬರದೇನೂ ಇರಬಹುದು. ನಿಮ್ಮ ರೂಮಿನಲ್ಲೂ ಇಂಥವರಿದ್ದರೆ, ಅವರು ನಗುತ್ತಿರುವಾಗಲೇ ಒಮ್ಮೆ ಕೇಳಿರಿ: "ನಿನ್ನ ಗುರುತುಗಳು ಯಾವುವು?"