ಹಸಿರು ಫ್ರೇಮಿನ ಡುಕಾಟಿ

ಐವತ್ತು ವರ್ಷ ಹಳೆಯದಾದ ಮೋಟಾರ್ ಸೈಕಲ್ ಮಾರಾಟಕ್ಕಿದೆ ಎಂದರೆ ಕೊಳ್ಳಲು ಬಂದವರು ಮೊದಲು ಕೇಳುವುದು ‘ಓಡುತ್ತದೆಯೇ?’ ಎಂದು. ಆದರೆ ಇಟಲಿಯ ಬೊಲೋನ್ಯಾ ನಗರದ ಕಾರ್ಖಾನೆಯಲ್ಲಿ 1974ರಲ್ಲಿ ತಯಾರಾದ ಡುಕಾಟಿ 750 ಸೂಪರ್ ಸ್ಪೋರ್ಟ್ ಮಾರಾಟಕ್ಕೆ ಬಂದಾಗ ಈ ಪ್ರಶ್ನೆಯ ಸರದಿ ಬರುವುದು ಬಹಳ ತಡವಾಗಿ. ತಿಳಿದ ಗಿರಾಕಿ ಟಾರ್ಚ್ ಹಿಡಿದು ನೆಲಕ್ಕೆ ಬಾಗುತ್ತಾನೆ. ಫ್ರೇಮಿನ ಮೇಲೆ ಒತ್ತಿದ ನಂಬರ್ ಓದುತ್ತಾನೆ, ಎಂಜಿನ್ನಿನ ಮೇಲಿನ ನಂಬರ್ ಓದುತ್ತಾನೆ, ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಬಲ್ಲವರ ಪಟ್ಟಿಯೊಂದಿಗೆ ತಾಳೆ ನೋಡುತ್ತಾನೆ. ಹೆಣ್ಣು ನೋಡಲು ಹೋದವರು ಮೊದಲು ಗೋತ್ರ ವಿಚಾರಿಸಿದ ಹಾಗೆ!

ಅದಕ್ಕೆ ಕಾರಣವಿದೆ. ಆ ವರ್ಷ ಕಾರ್ಖಾನೆಯಿಂದ ಹೊರಬಂದ ಈ ಮಾದರಿಯ ಬೈಕುಗಳು ಕೇವಲ 401 ಎಂದು ಇದರ ಚರಿತ್ರೆ ಬರೆದವರು ಲೆಕ್ಕ ಕೊಡುತ್ತಾರೆ. ಹರಾಜಿನಲ್ಲಿ ಒಂದೊಂದು ಬೈಕು ಲಕ್ಷ ಡಾಲರ್ ಮೀರಿ ಹೋದದ್ದುಂಟು. ಬೆಳ್ಳಿ ಬಣ್ಣದ ಮೈ, ಸಮುದ್ರದ ಹಸಿರನ್ನು ನೆನಪಿಸುವ ಫ್ರೇಮು, ಒಬ್ಬನೇ ಕೂರುವ ಸೀಟು, ಮುಂದೆ ಅರ್ಧ ಕವಚ. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಸಂತೆಗೆ ಹೋಗುವ ವಾಹನ ಇದಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಈ ಬೈಕು ಹುಟ್ಟಿದ್ದು ಒಂದು ಪಂದ್ಯದಿಂದ. 1972ರ ಏಪ್ರಿಲ್ 23ರಂದು ಇಟಲಿಯ ಇಮೋಲಾದಲ್ಲಿ ಇನ್ನೂರು ಮೈಲಿ, ಅಂದರೆ ಸುಮಾರು 320 ಕಿಲೋಮೀಟರ್ ದೂರದ ಸ್ಪರ್ಧೆ ಏರ್ಪಟ್ಟಿತ್ತು. ಎಂವಿ ಅಗುಸ್ತಾ ಕಂಪನಿಯ ಬೈಕಿನಲ್ಲಿ ವಿಶ್ವ ಚಾಂಪಿಯನ್ ಜಾಕೊಮೊ ಅಗೊಸ್ತೀನಿ ಬರುತ್ತಿದ್ದರು. ಅವರೆದುರು ಡುಕಾಟಿ ಗೆದ್ದೀತೆಂದು ಹೆಚ್ಚು ಜನ ನಂಬಿರಲಿಲ್ಲ. ಕಾರ್ಖಾನೆಯ ಮುಖ್ಯ ವಿನ್ಯಾಸಕಾರ ಫಾಬಿಯೊ ತಾಲ್ಯೋನಿ ರಸ್ತೆಗೆ ಮಾರುತ್ತಿದ್ದ 750ರ ಎಂಜಿನ್ನನ್ನೇ ಪಂದ್ಯಕ್ಕೆ ಸಜ್ಜುಗೊಳಿಸಿದರು. ಬೈಕನ್ನು ನಿಲ್ಲಿಸುವ ಸ್ಟ್ಯಾಂಡಿನ ಕೊಂಡಿಗಳು ರೇಸಿನ ಫ್ರೇಮುಗಳಲ್ಲಿಯೂ ಹಾಗೆಯೇ ಉಳಿದಿದ್ದವಂತೆ. ಮನೆಯ ಹಸುವಿಗೇ ಕೊಂಬು ಬಳಿದು ಜಾತ್ರೆಗೆ ಹೊರಡಿಸಿದಂತಾಯಿತು.

ಸವಾರನನ್ನು ಗೊತ್ತು ಮಾಡಿದ ಕಥೆ ಇನ್ನೂ ಸ್ವಾರಸ್ಯಕರ. ಇಂಗ್ಲೆಂಡಿನ ಪಾಲ್ ಸ್ಮಾರ್ಟ್ ಆಗ ಅಮೆರಿಕದಲ್ಲಿ ಬೇರೊಂದು ಕಂಪನಿಯ ಬೈಕು ಓಡಿಸುತ್ತಿದ್ದರು. ಡುಕಾಟಿಯ ಕಡೆಯವರ ಫೋನು ಬಂದಾಗ ಮನೆಯಲ್ಲಿದ್ದವರು ಪತ್ನಿ ಮ್ಯಾಗಿ. ಆಕೆ ಮುಂದೆ ವಿಶ್ವ ಚಾಂಪಿಯನ್ ಆದ ಬ್ಯಾರಿ ಶೀನ್ ಅವರ ಅಕ್ಕ. ರೇಸಿನ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಗಂಡನನ್ನು ಕೇಳುವ ಗೋಜಿಗೇ ಹೋಗದೆ ‘ಆಗಲಿ’ ಎಂದುಬಿಟ್ಟರು. ಪ್ರಯಾಣದ ಆಯಾಸದಲ್ಲಿ ಬಂದಿಳಿದ ಸ್ಮಾರ್ಟ್ ಆ ಉದ್ದನೆಯ, ಅಪರಿಚಿತ ಬೈಕನ್ನು ಏರಿ ಪಂದ್ಯವನ್ನು ಗೆದ್ದರು. ಎರಡನೆಯ ಸ್ಥಾನವೂ ಡುಕಾಟಿಗೇ. ಅದರ ಸವಾರ ಕಂಪನಿಯ ಹಳೆಯ ಹುಲಿ ಬ್ರೂನೊ ಸ್ಪಜ್ಜಾರಿ. ಅಗೊಸ್ತೀನಿಯ ಬೈಕು ಅರ್ಧದಲ್ಲೇ ಕೈಕೊಟ್ಟಿತು. ಗೆದ್ದ ಬೈಕನ್ನು ಕಂಪನಿ ಸ್ಮಾರ್ಟ್ ಅವರಿಗೇ ಉಡುಗೊರೆಯಾಗಿ ಕೊಟ್ಟಿತು. ಸ್ಮಾರ್ಟ್ 2021ರಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ, ಅದೇ ಬೆಳ್ಳಿ ಮತ್ತು ಹಸಿರು ಬಣ್ಣದ ಒಂದು ಮಾದರಿಯನ್ನು ಅವರು ಬದುಕಿದ್ದಾಗಲೇ ಕಂಪನಿ ಮಾರುಕಟ್ಟೆಗೆ ತಂದಿತ್ತು.

ಇಮೋಲಾದ ಬೈಕಿನಂಥದ್ದೇ ಬೇಕು ಎಂದು ಜನ ಕೇಳಿದರು. ಅದು ಅಂಗಡಿಗೆ ಬರಲು ಎರಡು ವರ್ಷ ಹಿಡಿಯಿತು. ತಡವಾದರೂ ಕಾರ್ಖಾನೆ ಬರಿಯ ಬಣ್ಣ ಬಳಿದು ಮೋಸ ಮಾಡಲಿಲ್ಲ. ಪಂದ್ಯದಲ್ಲಿ ಗೆದ್ದ ಎಂಜಿನ್ನಿನ ಮರ್ಮವನ್ನೇ ಗಿರಾಕಿಯ ಕೈಗಿತ್ತಿತು. ಆ ಮರ್ಮದ ಹೆಸರು ‘ಡೆಸ್ಮೊ’.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ನಿಗೆ ಉಸಿರಾಟ ನಡೆಯುವುದು ವಾಲ್ವ್‌ಗಳ ಮೂಲಕ. ಸಾಮಾನ್ಯ ಎಂಜಿನ್ನಿನಲ್ಲಿ ತಿರುಗುವ ಕ್ಯಾಮ್ ವಾಲ್ವನ್ನು ಒತ್ತಿ ತೆರೆಯುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಆಸ್ಪತ್ರೆ ಬಾಗಿಲಿನ ಸ್ಪ್ರಿಂಗನ್ನು ನೆನೆಸಿಕೊಳ್ಳಿ: ತಳ್ಳಿದವರು ಒಳಗೆ ಹೋದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ನಿಮಿಷಕ್ಕೊಬ್ಬರು ಬಂದರೆ ತೊಂದರೆಯಿಲ್ಲ. ಒಬ್ಬರ ಬೆನ್ನಿಗೆ ಒಬ್ಬರು ನುಗ್ಗತೊಡಗಿದರೆ ಬಾಗಿಲು ಮುಚ್ಚಲು ಪುರಸೊತ್ತೇ ಸಿಗುವುದಿಲ್ಲ. ಎಂಜಿನ್ನು ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವೂ 4,000 ಸಲ, ಎಂದರೆ ಸೆಕೆಂಡಿಗೆ ಸುಮಾರು 67 ಸಲ ತೆರೆದು ಮುಚ್ಚಬೇಕು. ಜಡತ್ವ ಎಂಬುದು ಪಾಠದ ಪುಸ್ತಕದಲ್ಲಷ್ಟೇ ಇರುವ ಪದವಲ್ಲ. ವೇಗ ಮಿತಿ ಮೀರಿದಾಗ ಸ್ಪ್ರಿಂಗು ಸೋಲುತ್ತದೆ, ವಾಲ್ವ್ ತೇಲುತ್ತದೆ. ಮೇಲೇರಿ ಬರುವ ಪಿಸ್ಟನ್ನು ಅದಕ್ಕೆ ಬಡಿದರೆ ಎಂಜಿನ್ನಿನ ಕಥೆ ಮುಗಿಯಿತು.

ಡೆಸ್ಮೊದಲ್ಲಿ ಮುಚ್ಚುವ ಕೆಲಸವನ್ನು ಸ್ಪ್ರಿಂಗಿನ ಕರುಣೆಗೆ ಬಿಟ್ಟಿಲ್ಲ. ತೆರೆಯಲು ಒಂದು ಕ್ಯಾಮ್ ಮತ್ತು ತೋಳು, ಮುಚ್ಚಲು ಇನ್ನೊಂದು. ಗ್ರೀಕ್ ಭಾಷೆಯಲ್ಲಿ ‘ಡೆಸ್ಮೋಸ್’ ಎಂದರೆ ಕಟ್ಟು, ‘ಡ್ರೋಮೋಸ್’ ಎಂದರೆ ಓಟ; ಕಟ್ಟಿಗೆ ಒಳಪಟ್ಟ ಓಟ ಎಂದು ಅರ್ಥ ಮಾಡಿಕೊಳ್ಳಬಹುದು. ಈ ಉಪಾಯ ತಾಲ್ಯೋನಿಯವರೇ ಕಂಡುಹಿಡಿದದ್ದಲ್ಲ. 1954ರಲ್ಲೇ ಮರ್ಸಿಡಿಸ್ ರೇಸ್ ಕಾರಿನಲ್ಲಿ ಅದಿತ್ತು. ಮಿಕ್ಕವರು ತಯಾರಿಕೆಯ ರಗಳೆಗೆ ಹೆದರಿ ಕೈಬಿಟ್ಟದ್ದನ್ನು ಹಟ ಹಿಡಿದು ಬೆಳೆಸಿದ್ದು ಅವರ ಹೆಗ್ಗಳಿಕೆ. ರಗಳೆಯೇನೂ ಸಣ್ಣದಲ್ಲ. ಒಂದೊಂದು ವಾಲ್ವಿನ ಎರಡು ಕಡೆಯೂ ಕೂದಲೆಳೆಯಷ್ಟು ಸಂದನ್ನು ಬಿಲ್ಲೆಗಳಿಟ್ಟು ಸರಿಪಡಿಸಬೇಕು. ಕ್ಯಾಮುಗಳಿಗೆ ಶಕ್ತಿ ಸಾಗಿಸುವ ಬೆವೆಲ್ ಗೇರುಗಳನ್ನೂ ತಾಳ್ಮೆಯಿಂದ ಕೂಡಿಸಬೇಕು. ಅವಸರದ ಮೆಕ್ಯಾನಿಕ್ಕಿಗೆ ಈ ಎಂಜಿನ್ನು ಒಲಿಯುವುದಿಲ್ಲ.

ಮಾರಾಟದ ಹೊತ್ತಿನಲ್ಲಿ ಗಿರಾಕಿಯ ನಿದ್ದೆ ಕೆಡಿಸುವುದೂ ಇದೇ ಡೆಸ್ಮೊ. ಅದೇ ಕಾಲದಲ್ಲಿ ಡುಕಾಟಿ 750 ಜಿಟಿ ಮತ್ತು 750 ಸ್ಪೋರ್ಟ್ ಎಂಬ ಬೇರೆ ಎರಡು ಮಾದರಿಗಳನ್ನೂ ಮಾರುತ್ತಿತ್ತು. ದುಂಡನೆಯ ಕವಚದ ಅವುಗಳ ಎಂಜಿನ್ನಿನ ರೂಪ ಬಹುಮಟ್ಟಿಗೆ ಇದರದೇ. ಒಳಗೆ ಮಾತ್ರ ಸಾಧಾರಣ ಸ್ಪ್ರಿಂಗು. ಜಿಟಿಯೊಂದನ್ನು ತಂದು ಹಸಿರು ಬಳಿದು, ಬೆಳ್ಳಿಯ ಕವಚ ತೊಡಿಸಿದರೆ ಹತ್ತಡಿ ದೂರದಿಂದ ಬ್ರಹ್ಮನಿಗೂ ಗೊತ್ತಾಗದು. ಇದು ನಕಲೆಂದು ಹೇಳಿಯೇ ಮಾರುವ ಪ್ರಾಮಾಣಿಕರೂ ಇದ್ದಾರೆ. ಹೇಳದವರಿಂದಾಗಿಯೇ ಆ ಟಾರ್ಚು, ಆ ಚೀಟಿ.

ಇನ್ನೊಂದು ತೊಡಕು ಅಸಲಿ ಬೈಕುಗಳದೇ. ಇವುಗಳನ್ನು ಕೊಂಡ ಮೊದಲ ತಲೆಮಾರಿನವರಲ್ಲಿ ಹಲವರು ನೇರವಾಗಿ ರೇಸಿಗೆ ಇಳಿದರು. ದೀಪ ಕಿತ್ತರು, ಬ್ರಾಕೆಟ್ಟುಗಳನ್ನು ಗರಗಸದಿಂದ ಕತ್ತರಿಸಿದರು, ಬಿದ್ದು ಒಡೆದದ್ದನ್ನು ಎಸೆದರು. ಅಮೆರಿಕದ ‘ಸೈಕಲ್’ ಪತ್ರಿಕೆಯ ಸಂಪಾದಕ ಕುಕ್ ನೀಲ್ಸನ್, ಸಹೋದ್ಯೋಗಿ ಫಿಲ್ ಶಿಲ್ಲಿಂಗ್ ಜೊತೆಗೂಡಿ ಇಂಥದ್ದೇ ಒಂದು ಬೈಕನ್ನು ಬಿಚ್ಚಿ ತಿದ್ದಿ, 1977ರಲ್ಲಿ ಡೇಟೋನಾದ ಸೂಪರ್ ಬೈಕ್ ಪಂದ್ಯ ಗೆದ್ದರು. ಆಗ ಅವರನ್ನು ‘ಅಪರೂಪದ ವಸ್ತುವನ್ನು ಹಾಳು ಮಾಡಿದಿರಲ್ಲ’ ಎಂದು ಯಾರಾದರೂ ಬೈದಿದ್ದರೆ ನಗೆಪಾಟಲಾಗುತ್ತಿತ್ತು. ಯಾವ ಕೆಲಸಕ್ಕೆಂದು ಮಾಡಿದ್ದರೋ ಆ ಕೆಲಸವನ್ನು ಅದು ಮಾಡಿತು. ಈಗಿನ ಮಾರುಕಟ್ಟೆಯ ನ್ಯಾಯ ತಿರುಗಾಮುರುಗಾ. ಹೆಚ್ಚು ಓಡದೆ ಮೂಲೆಯಲ್ಲಿ ಕುಳಿತ ಸೋಮಾರಿ ಬೈಕಿಗೇ ಹೆಚ್ಚು ಬೆಲೆ! ಮಾಸಿದರೂ ಮೂಲ ಬಣ್ಣ ಉಳಿದಿದ್ದರೆ ಬಲ್ಲವರು ಕಣ್ಣಿಗೊತ್ತಿಕೊಳ್ಳುತ್ತಾರೆ. ಹೊಸದಾಗಿ ಬಳಿದು ಫಳಫಳ ಹೊಳೆಯಿಸಿದ್ದನ್ನು ಕಂಡರೆ ಮೂಗು ಮುರಿಯುತ್ತಾರೆ. ಹೀಗಾಗಿ ಕೊಂಡವನಿಗೂ ಓಡಿಸಲು ಕೈ ನಡುಗುತ್ತದೆ. ಕಿಕ್ ಹೊಡೆದು ಚಾಲೂ ಮಾಡಿದ ಕೂಡಲೇ ಕೊಂಟಿ ಸೈಲೆನ್ಸರುಗಳಿಂದ ಹೊರಡುವ ಆ ಗಂಭೀರ ಗುಡುಗನ್ನು ಕೇಳದೆ, ಗಾಜಿನ ಕೋಣೆಯಲ್ಲಿಟ್ಟು ನೋಡುವವರ ಬಗ್ಗೆ ಕನಿಕರ ಪಡಬೇಕಷ್ಟೆ.

ಓಡಿಸುತ್ತೇನೆಂದು ಧೈರ್ಯ ಮಾಡುವವನು ಎಲ್ಲಕ್ಕಿಂತ ಮೊದಲು ಪೆಟ್ರೋಲ್ ಟ್ಯಾಂಕನ್ನು ಬಗ್ಗಿ ನೋಡಬೇಕು. ಅದು ಉಕ್ಕಿನದಲ್ಲ, ಫೈಬರ್ ಗ್ಲಾಸಿನದು. ಒಳಗೆ ಎಷ್ಟು ಪೆಟ್ರೋಲ್ ಇದೆಯೆಂದು ಹೊರಗಿನಿಂದಲೇ ಕಾಣಲೆಂದು ಅದರ ಪಕ್ಕದಲ್ಲಿ ಬಣ್ಣವಿಲ್ಲದ ಉದ್ದನೆಯ ಪಟ್ಟಿಯೊಂದನ್ನು ಬಿಟ್ಟಿದ್ದಾರೆ. ರೇಸಿನ ನಡುವೆ ಮುಚ್ಚಳ ತೆಗೆದು ಇಣುಕಲು ಸಮಯವೆಲ್ಲಿ? 1974ರಲ್ಲಿ ಇದು ಜಾಣತನದ ಕೆಲಸವೇ ಆಗಿತ್ತು. ಆದರೆ ಈಗ ಬಹಳ ದೇಶಗಳಲ್ಲಿ, ಭಾರತದಲ್ಲೂ, ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ಗಾಜಿನ ನಾರನ್ನು ಹಿಡಿದಿಡುವ ಹಳೆಯ ರಾಳವನ್ನು ಎಥನಾಲ್ ಮೆತ್ತಗಾಗಿಸುತ್ತದೆ. ಟ್ಯಾಂಕು ಉಬ್ಬುತ್ತದೆ, ಬಣ್ಣ ಗುಳ್ಳೆ ಏಳುತ್ತದೆ, ಕರಗಿದ ರಾಳ ಅಂಟಾಗಿ ಇಳಿದು ಕಾರ್ಬೊರೇಟರಿನಲ್ಲಿ ಕೂರುತ್ತದೆ. ಕೆಲವರು ಟ್ಯಾಂಕಿನ ಒಳಗೋಡೆಗೆ ಲೇಪ ಕೊಡಿಸುತ್ತಾರೆ. ಕೆಲವರು ಅದೇ ಆಕಾರದ ಅಲ್ಯೂಮಿನಿಯಂ ಟ್ಯಾಂಕ್ ಕೂರಿಸಿ, ಮೂಲದ್ದನ್ನು ಒಣಗಿಸಿ ಬಟ್ಟೆ ಸುತ್ತಿ ಅಟ್ಟದ ಮೇಲಿಡುತ್ತಾರೆ. ಬೈಕಿನ ಮೇಲೆ ಅಲ್ಯೂಮಿನಿಯಂ ಟ್ಯಾಂಕ್ ಕಂಡರೆ ಗಿರಾಕಿ ಬೇಸರಪಡಬೇಕಾಗಿಲ್ಲ. ಅಟ್ಟದ ಮೇಲಿನದನ್ನೂ ಸೇರಿಸಿ ಕೊಡುತ್ತೀರಾ ಎಂದು ಮುಂಗಡ ಕೊಡುವ ಮೊದಲೇ ಕೇಳಿಕೊಂಡರೆ ಸಾಕು.