ಶಿರಸ್ತೇದಾರರ ಮೇಜು

ದಬ್ಬೇಘಟ್ಟದಲ್ಲಿ ತೆಂಗಿನ ತೋಟದ ಪಾಲಿಗೆ ದಾವೆ ಬಿದ್ದರೆ ತುರುವೇಕೆರೆಗೆ ಅಲೆಯಬೇಕು. ನಮ್ಮ ದೊಡ್ಡಪ್ಪ ಕೋರ್ಟಿನಲ್ಲಿ ಮೊದಲು ವಿಚಾರಿಸುತ್ತಿದ್ದುದು ಶಿರಸ್ತೇದಾರರ ಬಳಿ. ಸಮನ್ಸ್ ಜಾರಿಯಾಯಿತೇ, ಕಡತ ಬೆಂಚಿಗೆ ಬಂತೇ, ನಕಲು ಯಾವಾಗ ಸಿಗುತ್ತದೆ, ಎಲ್ಲಕ್ಕೂ ಅವರೇ.

ನಾನು ಪಿಎಚ್.ಡಿ.ಗೆ ಓದುತ್ತಿರುವುದು ಈ ಕೋರ್ಟ್ ಆಡಳಿತವನ್ನೇ. 13ನೇ ಹಣಕಾಸು ಆಯೋಗ 2010–15ರ ಅವಧಿಗೆ ಎಂಬಿಎ ಓದಿದ ಕೋರ್ಟ್ ಮ್ಯಾನೇಜರ್‌ಗಳಿಗೆಂದು 300 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅವರಿಗೆ ಸೇವಾ ನಿಯಮ ರೂಪಿಸಿ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲೂ ಹೈಕೋರ್ಟುಗಳಿಗೆ ಹೇಳಬೇಕಾಯಿತು. ಆ ಯೋಜನೆಯ ಲೆಕ್ಕ ಜಿಲ್ಲೆಗೊಬ್ಬರದು. ತಾಲ್ಲೂಕಿನ ಹೊರೆ ಶಿರಸ್ತೇದಾರರದೇ.

ಒಳ್ಳೆಯ ಆಡಳಿತಕ್ಕೆ ನನ್ನ ಅಳತೆ ಸಣ್ಣದು: ನಾಳೆ ಸಾಕ್ಷಿ ವಿಚಾರಣೆ ಇಲ್ಲವೆಂಬುದು ಕೊಬ್ಬರಿ ಕೆಲಸ ಬಿಟ್ಟು ಹೊರಡುವವನಿಗೆ ಇವತ್ತೇ ತಿಳಿಯಬೇಕು. ಎಸ್ಸೆಮ್ಮೆಸ್ ಕಳಿಸಲು ಇ-ಕೋರ್ಟ್ಸ್ ಇದೆ. ಅದರಲ್ಲಿ ದಿನಾಂಕ ತುಂಬುವ ಗುಮಾಸ್ತರ ಕುರ್ಚಿ ಖಾಲಿ ಇರಬಾರದು.