ಒಂದು ಹಣಿಗಿ

ನನ್ನ ತಲೆಯ ಮೇಲೆ ದೇವರು ಬಂದದ್ದು 2007ರಲ್ಲಿ. ಆಗ ನನಗೆ ಒಂಬತ್ತು ವರ್ಷ. ಆ ದೇವರು ಹೋದದ್ದೂ ಅದೇ ವಾರ. ಕಳಿಸಿದವಳು ನಮ್ಮವ್ವ. ಅವಳ ಕೈಯಲ್ಲಿದ್ದದ್ದು ಒಂದು ಹಣಿಗಿ, ಅರ್ಧ ಬಾಟಲಿ ಕೊಬ್ಬರಿ ಎಣ್ಣಿ.

ನನ್ನದು ಗುಂಗುರು ಕೂದಲು. ಕುರಿಯ ಉಣ್ಣೆಯ ಹಾಗೆ ಒತ್ತು. ಆ ವರ್ಷ ಅಪ್ಪ, ಅವ್ವ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಕೊಲ್ಲಾಪುರದ ಕಡೆ ಹೋಗಿದ್ದರು. ನಾನು ಹಾರೂಗೇರಿಯ ನಮ್ಮ ಕೇರಿಯಲ್ಲಿ ಅವ್ವನ ತಾಯಿ, ನನ್ನ ಆಯಿಯ ಹತ್ತಿರ. ಜ್ವರ ಬಂದು ಒಂದು ತಿಂಗಳು ಹಾಸಿಗೆ ಹಿಡಿದೆ. ಆಯಿಗೆ ಕಣ್ಣು ಮಂಜು. ಕುಡಿಯೋ ನೀರು ತರೋದೇ ಅವಳಿಗೆ ದಿನದ ಕೆಲಸ. ಇನ್ನು ತಲಿ ಎರೆಯೋರು ಯಾರು, ಬಾಚೋರು ಯಾರು? ಜ್ವರ ಇಳಿದಾಗ ಹಿಂದಲೆಯಲ್ಲಿ ಅಂಗೈ ಅಗಲದ ಗಂಟು.

ಓಣಿಯ ಹೆಂಗಸರು ನೋಡಿ ಗಲ್ಲ ಬಡಿದುಕೊಂಡರು. "ಜಡಿ ಬಂದಾವ ಯವ್ವಾ, ಎಲ್ಲವ್ವ ಬಂದಾಳ. ಕತ್ತರಿ ಮುಟ್ಟಸಬ್ಯಾಡ್ರಿ, ಮನಿತನ ಹಾಳಾಗತೈತಿ." ಹಣೆಗೆ ಭಂಡಾರ ಹಚ್ಚಿದರು. ಕಾಲಿಗೆ ಬಿದ್ದರು. ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಯಾರೂ ಮುಟ್ಟಿಸಿಕೊಳ್ಳದ ಹುಡುಗಿಯ ಕಾಲನ್ನು ಜನ ಮುಟ್ಟುತ್ತಿದ್ದರು!

ಸುದ್ದಿ ಕೇಳಿ ಅವ್ವ ಓಡಿ ಬಂದಳು. ಅವಳಿಗೆ ಈ ಖುಷಿಯ ಬೆಲೆ ಗೊತ್ತಿತ್ತು. 1978ರಲ್ಲಿ ಅವಳ ಅಕ್ಕನಿಗೆ, ಅಂದರೆ ನಮ್ಮ ದೊಡ್ಡವ್ವನಿಗೆ, ಹೀಗೇ ಜಡಿ ಬಂದಿತ್ತು. ಆಗ ಅವಳಿಗೆ ಹನ್ನೊಂದು ವರ್ಷ. ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸಿದರು. ಆಕೆ ದೇವರ ಹೆಂಡತಿಯಾದಳು. ಆದರೆ ರಾತ್ರಿ ಬಾಗಿಲು ಬಡಿದವರು ದೇವರಲ್ಲ, ಊರಿನ ಉಳ್ಳವರು. ಅದಕ್ಕೆ 42 ವರ್ಷ ಮೊದಲೇ, 1936ರ ಜೂನ್ 16ರಂದು, ಬಾಬಾಸಾಹೇಬರು ಮುಂಬಯಿಯ ಪರೇಲಿನಲ್ಲಿ ದೇವದಾಸಿಯರು, ಜೋಗತಿಯರು, ಮುರಳಿಯರ ಮುಂದೆ ನಿಂತು ಈ ಬದುಕನ್ನು ಬಿಟ್ಟು ಬನ್ನಿ ಎಂದಿದ್ದರು. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ಕಾಯಿದೆ ಆಗಿತ್ತು, ಬೆಳಗಾವಿ ಅದರೊಳಗೇ ಇತ್ತು. 1982ರಲ್ಲಿ ಕರ್ನಾಟಕವೂ ಕಾಯಿದೆ ಮಾಡಿತು. ಆದರೆ ಕಾಯಿದೆ ಬಂದು ತಲಿ ಬಾಚುವುದಿಲ್ಲ.

"ಬ್ಯಾಡ ಮಗಳ, ತಾಯಿ ಸಿಟ್ಟಾಗತಾಳ" ಎಂದಳು ಆಯಿ.

"ಆಕಿ ಸಿಟ್ಟು ನನಗ ಬರಲಿ. ಅಕ್ಕನ್ನ ಕೊಟ್ಟೀ, ಸಾಕು. ಇಕಿನ್ನ ಕೊಡಾಂಗಿಲ್ಲ."

ಆಯಿ ಮಾತಾಡಲಿಲ್ಲ. ಅಳುತ್ತ ಎಣ್ಣಿ ಬಾಟಲಿ ಹಿಡಿದು ಕೂತಳು. ಅವ್ವ ಎರಡು ದಿನ ನನ್ನ ಗಂಟು ಬಿಡಿಸಿದಳು. ಎಣ್ಣಿ ಹಾಕಿ, ಬೆರಳಿನಿಂದ ಒಂದೊಂದೇ ಎಳೆ. ಬಿಡದಷ್ಟನ್ನು ಕತ್ತರಿಸಿ ಒಲೆಗೆ ಹಾಕಿದಳು. ಯಾರ ಮನೆತನವೂ ಹಾಳಾಗಲಿಲ್ಲ.

ಗೆಳೆಯರೇ, ಈ ಜಡಿ ಅಂದರೆ ಏನು? ಕೂದಲಿನ ಮೇಲೆ ಹಂಚಿನ ಮಾಡಿನ ಹಾಗೆ ಸಣ್ಣ ಸಣ್ಣ ಪದರಗಳಿರುತ್ತವೆ. ಎಣ್ಣೆ ನೀರು ಕಾಣದಿದ್ದರೆ ಆ ಪದರು ಒರಟಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ಬಾಚದಿದ್ದರೆ ಅವೂ ಒಳಗೇ ಉಳಿದು ಹಗ್ಗವಾಗುತ್ತವೆ. ಗುಂಗುರು ಕೂದಲಿಗೆ ಇದು ಬೇಗ ಆಗುತ್ತದೆ. ಮೇಲೆ ಧೂಳು, ಬೆವರು, ಭಂಡಾರ ಸೇರಿದರೆ ಗಂಟು ಗಟ್ಟಿ. ದೇವರದೆಂದು ತೊಳೆಯುವುದನ್ನೂ ಬಿಟ್ಟರೆ ಅದು ಬೆಳೆಯದೆ ಇನ್ನೇನು ಮಾಡೀತು?

ವೈದ್ಯರು ಇದಕ್ಕೆ 'ಪ್ಲೈಕಾ ಪೊಲೋನಿಕಾ' ಎನ್ನುತ್ತಾರೆ. ಪೋಲೆಂಡ್ ದೇಶದ ಹೆಸರು ಅದರಲ್ಲಿದೆ. ಅಲ್ಲಿಯ ಬಡ ರೈತರಿಗೂ ಜಡಿ ಇದ್ದವು. ಕತ್ತರಿಸಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ ಎಂಬ ಹೆದರಿಕೆಯೂ ಇತ್ತು. 19ನೇ ಶತಮಾನದಲ್ಲಿ ಕ್ರಾಕೋವ್ ಊರಿನ ವೈದ್ಯ ಯೂಝೆಫ್ ದೀತ್ಲ್ ಇದು ಕೊಳೆಯಿಂದ ಆದದ್ದು, ಕತ್ತರಿಸಿ ಎಂದು ಸಾರಿದ. ನಮ್ಮ ಎಲ್ಲವ್ವ ಪೋಲೆಂಡಿಗೆ ಯಾವಾಗ ಹೋಗಿದ್ದಳು? ಅವಳು ಹೋಗಿರಲಿಲ್ಲ. ಬಡತನ ಮಾತ್ರ ಅಲ್ಲೂ ಇತ್ತು.

ಹಾಗಾದರೆ ಕೂಲಿಗೆ ಹೋಗುವ ತಾಯಿ ಏನು ಮಾಡಬೇಕು? ದೊಡ್ಡ ಕೆಲಸವೇನಲ್ಲ. ವಾರಕ್ಕೊಮ್ಮೆ ಅರ್ಧ ತಾಸು ಸಾಕು. ತಲಿ ಎರೆಯುವ ಮೊದಲು ಒಂದು ಅಂಗೈ ಎಣ್ಣಿಯನ್ನು ಕೂದಲ ತುದಿಗೆ ಹಚ್ಚಬೇಕು. ಬೆರಳಿನಿಂದ ಸಿಕ್ಕು ಬಿಡಿಸಬೇಕು. ಸೀಗಿಪುಡಿಯೋ ಪಾಕೀಟಿನ ಶಾಂಪೂವೋ ನೀರಿಗೆ ಕಲಸಿ ಹಾಕಿ ತೊಳೆಯಬೇಕು. ಗುಂಗುರು ಕೂದಲನ್ನು ಒಣಗಿದಾಗ ಬಾಚಬಾರದು, ಹಸಿ ಇದ್ದಾಗಲೇ ಬಾಚಬೇಕು. ಹಣಿಗಿಯ ಹಲ್ಲು ಅಗಲ ಇರಲಿ. ತುದಿಯಿಂದ ಸುರುಮಾಡಿ ಮೇಲಕ್ಕೆ ಹೋಗಬೇಕು. ನೆತ್ತಿಯಿಂದ ಎಳೆದರೆ ಗಂಟು ಬಿಗಿಯುತ್ತದೆ, ಹುಡುಗಿ ಅಳುತ್ತಾಳೆ, ಮತ್ತೆ ಹಣಿಗಿ ಕಂಡರೆ ಓಡುತ್ತಾಳೆ. ಆಮೇಲೆ ಎರಡು ಹೆಳಲು ಹಾಕಿ. ಮಲಗುವಾಗಲೂ ಹೆಳಲು ಬಿಚ್ಚಬಾರದು. ಜ್ವರದಲ್ಲಿ ಮಲಗಿದವಳಿಗಂತೂ ಇದು ಮರೆಯಬಾರದು. ಕೂದಲನ್ನು ನೆಟ್ಟಗೆ ಮಾಡಿಸುವ ಔಷಧ ಬೇಡ. ಗುಂಗುರಾಗಿರುವುದು ತಪ್ಪಲ್ಲ.

ಇನ್ನು ಜಡಿ ಬೆಳೆದುಬಿಟ್ಟವರು. ಅವರ ತಲೆಗೆ ಬಲವಂತದಿಂದ ಕೈ ಹಾಕಬೇಡಿ. ಅವರಿಗೆ ಭಯ ಇದೆ. ಆ ಭಯವನ್ನು ನಾವೇ, ನಮ್ಮ ಸಮಾಜವೇ ಬಿತ್ತಿದ್ದು. ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಪುಣೆಯ ನಂದಿನಿ ಜಾಧವ್ ನೂರಾರು ಹೆಂಗಸರ ಜಡಿ ತೆಗೆದಿದ್ದಾರೆ. ಮೊದಲು ಮಾತು, ಆಮೇಲೆ ಕತ್ತರಿ.

ನಾನು ಬಿ.ಎ. ಮುಗಿಸಿದ್ದು 2019ರಲ್ಲಿ. ಆ ವರ್ಷ ದೊಡ್ಡವ್ವ ತಾನೇ ಕರೆದಳು. ಜಡಿ ಮೊಣಕಾಲಿಗೆ ಬಂದಿದ್ದವು. ಕುತ್ತಿಗೆ ನೋವಿಗೆ ನಿದ್ದೆ ಇರಲಿಲ್ಲ. "ನೀ ಕಲತಾಕಿ, ನೀನ ಕತ್ತರಸು. ಆದ್ರ ಮೂರ ದಿನ ನನ್ನ ಬಿಟ್ಟ ಹೋಗಬ್ಯಾಡ" ಎಂದಳು. ಕತ್ತರಿಸಿದೆ. ಮೂರು ರಾತ್ರಿ ಅವಳ ಮಗ್ಗುಲಲ್ಲೇ ಮಲಗಿದೆ. ಒಂದು ನೆಗಡಿ ಬಿಟ್ಟರೆ ಏನೂ ಆಗಲಿಲ್ಲ. ನಾಲ್ಕನೇ ದಿನ ತಲೆ ಸವರಿಕೊಂಡು ಕೇಳಿದಳು: "ತಲಿ ಇಷ್ಟ ಹಗರ ಇರತೈತೇನ ಮಗಳ?"

ನಲವತ್ತು ವರ್ಷದ ಮೇಲೆ ಕೇಳಿದ ಪ್ರಶ್ನೆ ಇದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳ್ಳಿಯ ಶಾಲೆಯ ಮಾಸ್ತರರೇ, ಅಕ್ಕೋರೇ, ನಿಮ್ಮ ಕಪಾಟಿನಲ್ಲಿ ಒಂದು ಹಣಿಗಿ, ಒಂದು ಎಣ್ಣಿ ಬಾಟಲಿ ಇಡಿ. ಹಿಂದಿನ ಸಾಲಿನ ಹುಡುಗಿಯ ತಲೆಯಲ್ಲಿ ಗಂಟು ಕಂಡರೆ, ಓಣಿಗೆ ಗೊತ್ತಾಗುವ ಮೊದಲು ನೀವು ಬಿಡಿಸಿ.